ನಲವತ್ತು ನಿಮಿಷಕ್ಕೆ ಹದಿನಾರು ಕುರಿ

ಎಣಿಸುವ ಕೆಲಸ ನನಗೆ ಕೊಟ್ಟಿದ್ದಾಳೆ.
ಮಗಳು ಒಂದು ಕುರಿಯ ಉಣ್ಣೆ ಬಿಡಿಸಿ ಕಿಂಡಿಗೆ ತಳ್ಳಿದರೆ
ಹಲಗೆಯ ಮೇಲೆ ಸೀಮೆಸುಣ್ಣದ ಒಂದು ಗೀಟು.
ನಾಲ್ಕು ನಿಂತ ಗೀಟು, ಐದನೆಯದು ಅಡ್ಡ.
ಬೆಳಗಿನ ಐದಕ್ಕೆ ಶುರು, ನಾಳೆ ಬೆಳಗಿನ ಐದಕ್ಕೆ ಮುಕ್ತಾಯ.
ಗೀಟಿಗೆ ಆರು ಡಾಲರು.

ಮಟೌರಾ ಹೊಳೆಯ ಈ ದಂಡೆಯಲ್ಲಿ
ಉಣ್ಣೆ ಕತ್ತರಿಸುವವರು ಹೆಚ್ಚು ಮಾತಾಡುವುದಿಲ್ಲ.
ಅಪ್ಪ, ಬೆನ್ನು ಮುರಿದಾಗ, ಸ್ವಲ್ಪ ಹಿಡಿದಿದೆ ಅಂದ.
ಅವ್ವ ಸತ್ತ ದಿನ, ಗಾಳಿ ಜೋರಿದೆ ಅಂದ.
ನಾನೂ ಅದೇ ಬಳ್ಳಿಯ ಕಾಯಿ.

ಮೆರೆಆನಾಳಿಗೆ ಹತ್ತೊಂಬತ್ತು ಇದ್ದಾಗ
ಒಂದಿಡೀ ಚಳಿಗಾಲ ಕೋಣೆ ಬಿಟ್ಟು ಬರಲಿಲ್ಲ.
ಸೋಮಾರಿತನ ಅಂದೆ. ಫೋನಿನ ಹುಚ್ಚು ಅಂದೆ.
ಬಾಗಿಲ ಹೊರಗೆ ತಟ್ಟೆ ಇಟ್ಟು ಬಂದೆ
ನಾಯಿಗೆ ಇಡುವ ಹಾಗೆ. ಇಲ್ಲ,
ನಾಯಿಗಾದರೆ ತಲೆ ಸವರುತ್ತಿದ್ದೆ.

ಹೋದ ವರ್ಷ ಹೇಳಿದಳು, ಅದೂ ನನಗಲ್ಲ,
ರಗ್ಬಿ ಕ್ಲಬ್ಬಿನಲ್ಲಿ ಮೈಕ್ ಹಿಡಿದು ಅರವತ್ತು ಜನಕ್ಕೆ:
ಒಂದು ರಾತ್ರಿ ಸಹಾಯವಾಣಿಗೆ ಫೋನ್ ಮಾಡಿದ್ದು,
ಎಲ್ಲರೂ ಬೇರೆ ಕರೆಯಲ್ಲಿದ್ದಾರೆ, ಕಾಯಿರಿ ಅಂದಿದ್ದು,
ಪಿಟೀಲಿನ ಒಂದೇ ತುಣುಕು ತಿರುತಿರುಗಿ ಬಂದಿದ್ದು
ನಲವತ್ತು ನಿಮಿಷ.
ಆಮೇಲೆ ಯಾರೋ ಹೆಂಗಸು, "ಹೇಳಮ್ಮ, ಇದ್ದೇನೆ" ಅಂದಿದ್ದು.
"ನಾನು ಕಾದೆ. ಕಾಯಲಾರದವರೂ ಇರುತ್ತಾರೆ.
ರಾತ್ರಿ ಪಾಳಿಗೆ ಇನ್ನೊಬ್ಬರನ್ನು ಕೂರಿಸಬೇಕು, ದುಡ್ಡು ಬೇಕು."
ಅಷ್ಟೇ ಭಾಷಣ.

ಅವಳಿಗೂ ನನಗೂ ನಡುವೆ ಆ ರಾತ್ರಿ
ಬೆರಳು ದಪ್ಪದ ಹಲಗೆ ಗೋಡೆ.
ನಾನು ಗೊರಕೆ ಹೊಡೆಯುತ್ತಿದ್ದೆ.
ಪಿಟೀಲಿನ ಸಂದಿಯಲ್ಲಿ ಅದೂ ಕೇಳುತ್ತಿತ್ತಂತೆ.

ಈಗ ನಡುರಾತ್ರಿ ದಾಟಿದೆ.
ಸೂರಿನಿಂದ ಇಳಿಬಿಟ್ಟ ಜೋಲಿಗೆ ಎದೆಯ ಭಾರ ಹಾಕಿ
ಮೊಣಕಾಲ ನಡುವೆ ಕುರಿ ಕೂರಿಸಿಕೊಂಡು
ಹೊಟ್ಟೆಯಿಂದ ಶುರು, ಎಡ ತೊಡೆ, ಕತ್ತು, ಆಮೇಲೆ ಉದ್ದನೆಯ ಬೆನ್ನು,
ಕೊಳೆ ಹಿಡಿದ ಉಣ್ಣೆಯ ಒಳಮಗ್ಗುಲು ಬೆಣ್ಣೆಯಂತೆ ತೆರೆದುಕೊಳ್ಳುತ್ತದೆ.
ಹೆದರಿದ ಪ್ರಾಣಿ ಹೇಗೆ ಹಿಡಿದರೆ ಸುಮ್ಮನಾಗುತ್ತದೆಂದು
ಕಲಿಸಿದವನು ನಾನೇ.
ಬಿಗಿ ಹಿಡಿಯಬೇಡ, ಒರಗಲು ಜಾಗ ಕೊಡು ಅಂದಿದ್ದೆ.
ಕುರಿಯ ವಿಷಯ ಹೇಳಿದ್ದೆ.

ಎರಡು ಗಂಟೆಗೆ ಮಕ್ಲೀಷ್ ಬಂದ, ಆಚೆ ಗುಡ್ಡದವನು.
ಕೋಟಿನ ಕೆಳಗೆ ಮಲಗುವ ಪೈಜಾಮ.
ಅವನ ಮೊಮ್ಮಗನ ಮಾತು ಊರಲ್ಲಿ ಯಾರೂ ಎತ್ತುವುದಿಲ್ಲ.
ಐಸ್‌ಕ್ರೀಮ್ ಡಬ್ಬಿಗೆ ಲಕೋಟೆ ಹಾಕಿ
"ಎಷ್ಟಾಯ್ತು?" ಅಂದ.
"ನಾನೂರ ಎಂಟು."
ಇನ್ನೇನೂ ಕೇಳದೆ ಪೊರಕೆ ತೆಗೆದುಕೊಂಡ,
ಅವಳ ಕಾಲಬುಡದ ಉಣ್ಣೆಯ ಚೂರು ಗುಡಿಸತೊಡಗಿದ.
ಈಗಲೂ ಗುಡಿಸುತ್ತಿದ್ದಾನೆ, ಗುಡಿಸಿದ ಜಾಗವನ್ನೇ.

ಮೂರರ ಹೊತ್ತಿಗೆ ಅವಳ ಕೈ ಸೋತಿತು.
ಒಂದು ಮರಿಯ ತೊಗಲಿಗೆ ಗೀರು ಬಿತ್ತು,
ಕಿವಿಯ ಹತ್ತಿರ ಬಾಗಿ ಅದಕ್ಕೆ ಏನೋ ಹೇಳಿದಳು.
ನಾನು ಗಡಿಯಾರ ನೋಡಿ ಲೆಕ್ಕ ಹಾಕಿದ್ದೆ,
ನಲವತ್ತು ನಿಮಿಷ ಅಂದರೆ ಹದಿನಾರು ಕುರಿ.
ಹದಿನಾರು ಗೀಟು ಎಳೆಯುವಷ್ಟರಲ್ಲಿ
ಒಮ್ಮೆ ಕೂತೆ, ಎರಡು ಸಲ ಬಾಗಿಲಿಗೆ ಹೋಗಿ ಬಂದೆ,
ಯಾರಾದರೂ ಮಾತಾಡಬಾರದೇ ಅನ್ನಿಸಿತು.
ಇಷ್ಟು ಉದ್ದವೇ ಅದು?

ನಾಲ್ಕಕ್ಕೆ ಬಿಡುವು. ಚಹಾ ಒಯ್ದೆ.
ಗಾಳಿ ಜೋರಿದೆ ಎಂಬ ಮಾತು ನಾಲಗೆ ತುದಿಗೆ ಬಂದಿತ್ತು,
ಜೋರಾಗಿಯೂ ಇತ್ತು, ತಗಡು ಬಡಿಯುತ್ತಿತ್ತು.
ನುಂಗಿದೆ.
"ಅವತ್ತು ನಾನು ಎದ್ದು ಬರಬೇಕಿತ್ತು" ಅಂದೆ.
"ಸಕ್ಕರೆ ಕಮ್ಮಿ" ಅಂದಳು.
ಪೂರ್ತಿ ಕುಡಿದಳು. ಆಮೇಲೆ
ಬೆವರು, ಎಣ್ಣೆ, ಕುರಿವಾಸನೆಯ ಆ ಇಡೀ ಭಾರವನ್ನು
ನನ್ನ ಹೆಗಲಿಗೆ ಒರಗಿಸಿದಳು.
ನಾನು ಬಿಗಿ ಹಿಡಿಯಲಿಲ್ಲ.

ಗಂಟೆ ಹೊಡೆಯಿತು.
ದೊಡ್ಡಿಯಲ್ಲಿ ಇನ್ನೂ ಕುರಿಗಳಿವೆ.